ಕುಡುಕರ ಪಾಠಶಾಲೆ

ಕುಡಿತ ಬಿಡಿಸುವುದಕ್ಕೆ ನಮ್ಮ ಸಂಸಾರಗಳಲ್ಲಿ ನಡೆದಿರುವ ಉಪಾಯಗಳನ್ನು ಬರೆಯಹೊರಟರೆ ಒಂದು ಪುರಾಣವೇ ಆದೀತು. ತಾಯಿಯ ಕಣ್ಣೀರು, ಹೆಂಡತಿಯ ಹರಕೆ, ಮಾವನ ಬೈಗುಳ, ಕರ್ಪೂರ ಹಚ್ಚಿ ಮಾಡಿಸುವ ಆಣೆ ಎಲ್ಲವೂ ಅದರಲ್ಲಿ ಸೇರುತ್ತವೆ. ಆಣೆಯಿಡುವ ಕ್ಷಣದಲ್ಲಿ ಅವನು ಸುಳ್ಳಾಡುತ್ತಿರುವನೆಂದು ನಾನು ನಂಬುವುದಿಲ್ಲ. ಮರುದಿನ ಸಂಜೆ ಆರು ಗಂಟೆಗೆ ತನ್ನ ಕೈಕಾಲುಗಳನ್ನು ಏನು ಮಾಡಬೇಕೆಂಬುದು ಅವನಿಗೆ ತಿಳಿದಿರುವುದಿಲ್ಲ, ಅಷ್ಟೆ. ಆ ಸಂಜೆಯನ್ನು ದಾಟುವ ವಿದ್ಯೆಯನ್ನು ಪಾಠದಂತೆ ಕಲಿಸಬಹುದೇ?

ಕಲಿಸಬಹುದೆಂದು ಹೊರಟವರಲ್ಲಿ ಅಮೆರಿಕದ ಮಿನೆಸೋಟ ಸಂಸ್ಥಾನದವರು ಪ್ರಮುಖರು. ಅಲ್ಲಿನ ಸೆಂಟರ್ ಸಿಟಿ ಎಂಬ ಚಿಕ್ಕ ಊರಿನ ಬಳಿ ೧೯೪೯ರಲ್ಲಿ ಹೇಜಲ್ಡನ್ ಎಂಬ ತೋಟದ ಮನೆಯೊಂದು ಕುಡುಕರ ಚಿಕಿತ್ಸಾಲಯವಾಯಿತು. ನಿಯಮಗಳು ಬೆರಳೆಣಿಕೆಯವು: ಸಭ್ಯನಾಗಿ ನಡೆದುಕೊಳ್ಳಬೇಕು, ತನ್ನ ಹಾಸಿಗೆಯನ್ನು ತಾನೇ ಸರಿಪಡಿಸಬೇಕು, ಉಪನ್ಯಾಸಗಳಿಗೆ ಬರಬೇಕು, ಉಳಿದವರೊಡನೆ ಮಾತನಾಡಬೇಕು. ಉಪನ್ಯಾಸದ ವಿಷಯವಾದರೋ, ೧೯೩೫ರಲ್ಲಿ ಆಕ್ರನ್ ನಗರದಲ್ಲಿ ಒಬ್ಬ ಷೇರು ದಲ್ಲಾಳಿ ಮತ್ತು ಒಬ್ಬ ಶಸ್ತ್ರವೈದ್ಯ, ಇಬ್ಬರೂ ಕುಡುಕರೇ, ಕೂಡಿ ಆರಂಭಿಸಿದ 'ಆಲ್ಕೊಹಾಲಿಕ್ಸ್ ಅನಾನಿಮಸ್' ಸಂಘದ ಹನ್ನೆರಡು ಮೆಟ್ಟಿಲುಗಳು.

ಅದೇ ಸಂಸ್ಥಾನದ ವಿಲ್ಮರ್ ಸರಕಾರಿ ಆಸ್ಪತ್ರೆಯಲ್ಲಿ ವೈದ್ಯ ನೆಲ್ಸನ್ ಬ್ರಾಡ್ಲಿ ಮತ್ತು ಮನಶ್ಶಾಸ್ತ್ರಜ್ಞ ಡೇನಿಯಲ್ ಆಂಡರ್ಸನ್ ಇನ್ನೂ ದೊಡ್ಡ ಸಾಹಸವನ್ನೇ ಮಾಡಿದರು. ಕುಡುಕರ ವಾರ್ಡಿನ ಬೀಗ ತೆಗೆಸಿದರು. ಕುಡಿತ ಬಿಟ್ಟು ಸುಧಾರಿಸಿದವರನ್ನೇ ಕರೆತಂದು ಸಲಹೆಗಾರರನ್ನಾಗಿ ನೇಮಿಸಿದರು. ೧೯೫೪ರಲ್ಲಿ ಸಂಸ್ಥಾನದ ಸರಕಾರ ಅದಕ್ಕೆಂದೇ ಒಂದು ಹುದ್ದೆಯನ್ನು ನಿರ್ಮಿಸಿತು. ಪದವಿಯ ಬದಲು ಪೂರ್ವಾಶ್ರಮದ ಕುಡಿತವೇ ಯೋಗ್ಯತೆಯಾದ ಸರಕಾರಿ ನೌಕರಿ ಬೇರೆಲ್ಲಿದ್ದೀತು!

ಇದರೊಳಗೊಂದು ಯುಕ್ತಿಯಿದೆ. ಬಾಟಲಿಯನ್ನು ಕೊಟ್ಟಿಗೆಯ ಹುಲ್ಲಿನಲ್ಲಿ ಅಡಗಿಸಿಟ್ಟವನ ಸುಳ್ಳನ್ನು ಡಾಕ್ಟರು ನಂಬಿಯಾರು, ಹೆಂಡತಿಯೂ ನಂಬಿಯಾಳು. ಸ್ನಾನದ ಮನೆಯಲ್ಲಿ ಅಡಗಿಸಿಟ್ಟಿದ್ದವನು ನಂಬುವುದಿಲ್ಲ. ಎಂಟು ಹತ್ತು ಜನ ವರ್ತುಲವಾಗಿ ಕುಳಿತು ಗಂಟೆ ಒಂದೂವರೆ ಗಂಟೆ ಮಾತನಾಡುವ ಸಮೂಹ ಚಿಕಿತ್ಸೆಯ ಬಲವಿರುವುದು ಇಲ್ಲಿ. ಸಲಹೆಗಾರ ಹೆಚ್ಚು ಮಾತನಾಡುವುದಿಲ್ಲ. ಇಲ್ಲಿ ಆಡಿದ ಮಾತು ಹೊರಗೆ ಹೋಗಕೂಡದು, ಒಬ್ಬ ಮಾತನಾಡುವಾಗ ಮತ್ತೊಬ್ಬ ಬಾಯಿ ಹಾಕಕೂಡದು ಎಂಬ ಕಟ್ಟುಪಾಡುಗಳನ್ನು ಕಾಯುವುದೇ ಅವನ ಮುಖ್ಯ ಕೆಲಸ.

ಈಚಿನ ಚಿಕಿತ್ಸಾಲಯಗಳಲ್ಲಿ ಬರವಣಿಗೆಯ ಪಾಠವೂ ಉಂಟು. ಕಾಗದವನ್ನು ನಾಲ್ಕು ಮನೆಗಳಾಗಿ ಗೀಟೆಳೆದು ಕುಡಿದರೆ ಲಾಭ, ಕುಡಿದರೆ ನಷ್ಟ, ಬಿಟ್ಟರೆ ಲಾಭ, ಬಿಟ್ಟರೆ ನಷ್ಟ ಎಂದು ತುಂಬಿಸುತ್ತಾರೆ. ಕುಡಿತದ ಲಾಭವನ್ನೂ ಬರೆಯಿಸುವುದು ವಿಪರೀತವೆಂದು ತೋರಬಹುದು. ಲಾಭವೇ ಇಲ್ಲದ ವ್ಯಾಪಾರವನ್ನು ಯಾರು ತಾನೆ ಇಪ್ಪತ್ತು ವರ್ಷ ನಡೆಸಿಯಾರು? ಆ ಮನೆಯಲ್ಲಿ 'ನಿದ್ದೆ ಬರುತ್ತದೆ', 'ಅಧಿಕಾರಿಯ ಮುಂದೆ ಧೈರ್ಯ ಬರುತ್ತದೆ' ಎಂದು ಬಿದ್ದರೆ, ನಿದ್ದೆಗೂ ಧೈರ್ಯಕ್ಕೂ ಬೇರೆ ದಾರಿ ಹುಡುಕುವುದು ಮರುದಿನದ ಪಾಠವಾಗುತ್ತದೆ.

ಎಲ್ಲಕ್ಕಿಂತ ಸ್ವಾರಸ್ಯವಾದುದು ಅಭಿನಯದ ಪಾಠ. ಒಬ್ಬ ಮದುವೆಮನೆಯ ಯಜಮಾನನಾಗುತ್ತಾನೆ: "ನಮ್ಮ ಮನೆಯ ಶುಭಕಾರ್ಯದಲ್ಲಿ ನೀವು ಗ್ಲಾಸು ಮುಟ್ಟದಿದ್ದರೆ ನನಗೆ ಅವಮಾನವಲ್ಲವೇ, ಭಾವ?" ಭಾವನ ಪಾತ್ರದವನು, "ಹೊಟ್ಟೆ ಸರಿಯಿಲ್ಲ," ಎನ್ನುತ್ತಾನೆ. ಸುತ್ತ ಕುಳಿತವರು ಬಿಡುವುದಿಲ್ಲ: "ನಾಳೆ ಹೊಟ್ಟೆ ಸರಿಹೋದ ಮೇಲೆ ಏನು ಹೇಳುತ್ತೀ?" ಆಟ ಮತ್ತೆ ಮೊದಲಾಗುತ್ತದೆ. "ನಾನು ಬಿಟ್ಟಿದ್ದೇನೆ, ಬೇಡ," ಎಂಬ ಮೂರೇ ಮಾತು ತಡವರಿಸದೆ ಬಾಯಿಗೆ ಬರುವವರೆಗೂ ನಡೆಯುತ್ತದೆ.

ಇದಕ್ಕೆ ಶಾಸ್ತ್ರಾಧಾರವಿಲ್ಲದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್, ಮದ್ಯ, ಹೊಗೆಸೊಪ್ಪು, ಹೆರಾಯಿನ್ ಮುಂತಾದವನ್ನು ಬಿಟ್ಟವರು ಮತ್ತೆ ಜಾರಿದ ಸಂದರ್ಭಗಳನ್ನು ವಿಂಗಡಿಸಿದಾಗ, ಮುಕ್ಕಾಲು ಪಾಲಿಗೆ ಹತ್ತಿರದವು ಮೂರೇ ಕಾರಣಗಳಿಂದ ಆದವೆಂದು ಕಂಡಿತು: ಮನಸ್ಸಿನ ಬೇಗುದಿ, ಜಗಳ, ಗೆಳೆಯರ ಒತ್ತಾಯ. ಇವುಗಳನ್ನೆದುರಿಸುವ ಕ್ರಮವನ್ನು ೧೯೮೫ರಲ್ಲಿ ಅವರು ಸಹಲೇಖಕಿಯೊಡನೆ ಗ್ರಂಥರೂಪದಲ್ಲಿ ಕೊಟ್ಟರು.

ಒಂದು ಎಚ್ಚರಿಕೆ ಹೇಳಲೇಬೇಕು. ಬಹುಕಾಲ ವಿಪರೀತವಾಗಿ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ಕೈನಡುಕ, ಸೆಳವು, ಚಿತ್ತಭ್ರಮೆ ಉಂಟಾಗಿ ಪ್ರಾಣಕ್ಕೇ ಅಪಾಯವಾದೀತು. ಆ ಮೊದಲ ದಿನಗಳು ವೈದ್ಯರ ವಶ, ಪಾಠವೇನಿದ್ದರೂ ಅನಂತರ.

ಭಾರತದಲ್ಲಿ ಶಾಂತಿ ರಂಗನಾಥನ್ ಅವರು ೧೯೮೦ರಲ್ಲಿ ಚೆನ್ನೈಯಲ್ಲಿ ಸ್ಥಾಪಿಸಿದ ಸಂಸ್ಥೆಯು ರೋಗಿಯೊಡನೆ ಮನೆಯವರನ್ನೂ ಪಾಠಕ್ಕೆ ಕೂರಿಸಿತು. ಕರ್ನಾಟಕದ ಹಳ್ಳಿಗಳಲ್ಲಿ ಧರ್ಮಸ್ಥಳದ ಜನಜಾಗೃತಿ ವೇದಿಕೆ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತದೆ. ಶಿಬಿರ ಮುಗಿಸಿದವರು 'ನವಜೀವನ ಸಮಿತಿ'ಗಳಲ್ಲಿ ಮತ್ತೆ ಕೂಡುತ್ತಾರೆ. ಈ ಮತ್ತೆ ಕೂಡುವಿಕೆಯೇ ಕಷ್ಟದ ಭಾಗವೆಂದು ನನಗೆ ತೋರುತ್ತದೆ. ಜಾರಿದವನು ನಾಚಿಕೆಯಿಂದ ಮೊದಲು ತಪ್ಪಿಸಿಕೊಳ್ಳುವುದು ಸಭೆಯನ್ನೇ. ಹೇಗೋ ಧೈರ್ಯ ಮಾಡಿ ಬಂದನೆನ್ನಿ. ಒಳ್ಳೆಯ ಗುಂಪು ಅವನನ್ನು ಬೈಯುವುದಿಲ್ಲ. ಯಾವ ದಿನ, ಎಷ್ಟು ಗಂಟೆಗೆ, ಯಾವ ಬೀದಿಯಲ್ಲಿ, ಯಾರ ಜೊತೆಯಲ್ಲಿ ಎಂದು ಒಂದೊಂದಾಗಿ ಕೇಳಿ, ಗೀಟೆಳೆದ ಹೊಸ ಕಾಗದವೊಂದನ್ನು ಅವನ ಕೈಗೆ ಕೊಡುತ್ತದೆ.