ಎಂಜಲಿಗೆ ಕರಗುವ ಪ್ಲಾಸ್ಟಿಕ್!

ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್, ನಾಲ್ಕು ಚಮಚ ನೀರು, ಒಂದು ಟೀ ಚಮಚ ವಿನೆಗರ್, ಅಷ್ಟೇ ಗ್ಲಿಸರಿನ್. ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಾ ಹೋದರೆ ಬೆಳ್ಳನೆಯ ನೀರು ನೋಡನೋಡುತ್ತಲೇ ಗಟ್ಟಿಯಾಗಿ, ಮಂಕು ಕಳೆದು ಮಿರಮಿರ ಹೊಳೆಯತೊಡಗುತ್ತದೆ! (ಮೇಷ್ಟ್ರು ಒಲೆಯ ಪಕ್ಕದಲ್ಲೇ ಇರಬೇಕು, ಈ ಬಿಸಿ ಗಂಜಿ ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ.) ತಟ್ಟೆಗೆ ತೆಳ್ಳಗೆ ಬಳಿದು ಒಂದೆರಡು ದಿನ ಒಣಗಲು ಬಿಟ್ಟು, ಅಂಚು ಹಿಡಿದು ಎತ್ತಿ ನೋಡಿ. ಹಾಳೆ! ಬಾಗುತ್ತದೆ, ಬೆಳಕನ್ನು ಹಾಯಿಸುತ್ತದೆ. ಏಳನೇ ತರಗತಿಯ ಮಕ್ಕಳು ಪ್ಲಾಸ್ಟಿಕ್ ಮಾಡಿಬಿಟ್ಟರು!

ಇನ್ನೊಂದು ತಟ್ಟೆಗೆ ಗ್ಲಿಸರಿನ್ ಹಾಕಿರಲಿಲ್ಲ. ಅದು ಒಣಗಿದ ಸಂಡಿಗೆಯಂತೆ ಪಟ್ಟನೆ ಮುರಿಯಿತು. ಪಾಠವೆಲ್ಲ ಈ ಸದ್ದಿನಲ್ಲಿದೆ. ಪಿಷ್ಟವೆಂದರೆ ಗ್ಲೂಕೋಸ್ ಕೊಂಡಿಗಳ ಉದ್ದುದ್ದ ಸರಪಳಿ: ನೇರವಾಗಿರುವುದು ಅಮೈಲೋಸ್, ಕವಲೊಡೆದದ್ದು ಅಮೈಲೋಪೆಕ್ಟಿನ್. ಆ ಕವಲುಗಳನ್ನು ಒಂದಿಷ್ಟು ಕತ್ತರಿಸುವುದು ವಿನೆಗರಿನ ಕೆಲಸ. ನೀರು ಆರಿದಂತೆ ಸರಪಳಿಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಳ್ಳುತ್ತವೆ. ಗ್ಲಿಸರಿನ್ ನಡುವೆ ನುಸುಳಿದರೆ ಮಾತ್ರ ಜಾರಾಡಲು ಜಾಗ ಸಿಗುತ್ತದೆ. ಕಣ್ಣಿಗೆ ಕಾಣದ ಅಣುವಿನ ಓಡಾಟ ಬೆರಳಿಗೆ ಸಿಕ್ಕಿತು!

ನನಗೆ ಮೈ ಜುಮ್ಮೆನಿಸಿದ್ದು ಇದರ ಮುಂದಿನದು. ಹಾಳೆಯ ಎರಡು ಚೂರುಗಳನ್ನು ಚಿಟಿಕೆ ಅಡುಗೆ ಸೋಡಾ ಕದಡಿದ ನೀರಿನಲ್ಲಿ ತೊಳೆದು ಹುಳಿ ತೆಗೆಯಿರಿ. ಒಂದನ್ನು ಬೆಚ್ಚನೆಯ ನೀರಿನಲ್ಲಿ, ಇನ್ನೊಂದನ್ನು ಎಂಜಲಿನಲ್ಲಿ ನೆನೆಹಾಕಿ, ಸ್ವಲ್ಪ ಹೊತ್ತು ಬಿಟ್ಟು ಅಯೋಡಿನ್ ತೊಟ್ಟಿಕ್ಕಿಸಿ. ನೀರಿನ ಚೂರು ಕಡುನೀಲಿಗೆ ತಿರುಗುತ್ತದೆ. ಎಂಜಲು ಮೆತ್ತಿದ ಕಡೆ ಬಣ್ಣ ಪೇಲವ! ನಮ್ಮ ಬಾಯಿಯ ಅಮೈಲೇಸ್ ಕಿಣ್ವ ಪ್ಲಾಸ್ಟಿಕ್ಕಿನ ಕೊಂಡಿಗಳನ್ನು ಕಳಚುತ್ತಿದೆ! ಮಣ್ಣಿನ ಸೂಕ್ಷ್ಮಜೀವಿಗಳ ಬಳಿಯೂ ಇದೇ ಬಗೆಯ ಕಿಣ್ವಗಳಿವೆ. ಪಾಲಿಥೀನ್ ಕೂಡ ಸರಪಳಿಯೇ, ಆದರೆ ಅದರ ಇಂಗಾಲ-ಇಂಗಾಲ ಬೆಸುಗೆಗೆ ನಮ್ಮ ಎಂಜಲಿನಲ್ಲಿ ಕತ್ತರಿಯಿಲ್ಲ.

ಸೂಕ್ಷ್ಮಜೀವಿಗಳು ಕತ್ತರಿಸುವುದಷ್ಟೇ ಅಲ್ಲ, ಕಟ್ಟುತ್ತವೆ ಕೂಡ! ಬ್ಯಾಕ್ಟೀರಿಯಾವೊಂದು ತನ್ನೊಳಗೇ ಪಿಎಚ್‌ಬಿ ಎಂಬ ಪ್ಲಾಸ್ಟಿಕ್ ಕೂಡಿಡುವುದನ್ನು ಫ್ರಾನ್ಸಿನ ಮೋರಿಸ್ ಲೆಮ್ವಾನ್ಯ 1926ರಲ್ಲೇ ತೋರಿಸಿಕೊಟ್ಟಿದ್ದರು.

ಹಾಗೆಂದು ‘ಜೈವಿಕ’ ಎಂದು ಬರೆದದ್ದೆಲ್ಲ ಬೇಗ ಮಣ್ಣಾಗುವುದಿಲ್ಲ. ಜೋಳದ ಸಕ್ಕರೆಯನ್ನು ಹುದುಗಿಸಿ ಮಾಡುವ ಪಿಎಲ್‌ಎ ಲೋಟಕ್ಕೆ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನ ಕಾಂಪೋಸ್ಟ್ ಕಾವು ಬೇಕು. ಮಕ್ಕಳು ಇದನ್ನು ಕೇಳಿ ನಂಬಬೇಕಾಗಿಲ್ಲ. ಪಿಷ್ಟದ ಹಾಳೆ, ಪಿಎಲ್‌ಎ ಚೂರು, ಪಾಲಿಥೀನ್ ತುಂಡು, ಮೂರನ್ನೂ ಒಂದೇ ಕುಂಡದ ಒದ್ದೆ ಮಣ್ಣಿನಲ್ಲಿ ಹೂತು, ವಾರಕ್ಕೊಮ್ಮೆ ಅಗೆದು ನೋಡಿ, ಕಂಡದ್ದನ್ನು ಬರೆದಿಡಲಿ.