ಬೆಕ್ಕಿನ ಮರಿಗಳನ್ನು ಬಿಟ್ಟು ಬರುವ ಮುನ್ನ...

ಅಟ್ಟದ ಮೇಲೋ ಸೌದೆ ಕೊಟ್ಟಿಗೆಯಲ್ಲೋ ಬೆಕ್ಕು ಮರಿ ಹಾಕಿದರೆ ಮನೆಯ ಮಕ್ಕಳಿಗೆ ಹಬ್ಬ. ತಿಂಗಳು ಕಳೆಯುವಷ್ಟರಲ್ಲಿ ಹಿರಿಯರ ತಾಳ್ಮೆ ಮುಗಿದಿರುತ್ತದೆ. ಹಾಲಿನ ಪಾತ್ರೆ ಉರುಳುತ್ತದೆ, ಹಾಸಿಗೆ ಕೊಳೆಯಾಗುತ್ತದೆ. ಕೊನೆಗೊಂದು ದಿನ ಮರಿಗಳು ಗೋಣಿಚೀಲ ಸೇರುತ್ತವೆ. ಮೀನು ಮಾರುಕಟ್ಟೆಯ ಹಿಂದೆ, ದೇವಸ್ಥಾನ ಅಥವಾ ದರ್ಗಾದ ಬಳಿ, ಇಲ್ಲವೇ ಕಾಡಿನಂಚಿನ ರಸ್ತೆಯಲ್ಲಿ ಆ ಚೀಲದ ಬಾಯಿ ಬಿಚ್ಚಲಾಗುತ್ತದೆ. ‘ಹೇಗೋ ಬದುಕಿಕೊಳ್ಳುತ್ತವೆ’ ಎಂದುಕೊಂಡು ಬಿಟ್ಟವರು ಹಿಂದಿರುಗುತ್ತಾರೆ. ಸಹೋದರಿಯರೇ, ಅವು ನಿಜವಾಗಿಯೂ ಬದುಕಿಕೊಳ್ಳುತ್ತವೆಯೇ?

ಮುತ್ತತ್ತಿಯಂತಹ ಊರಿನಲ್ಲಿ

ಮಂಡ್ಯ ಜಿಲ್ಲೆ ಮಳವಳ್ಳಿ ತಾಲೂಕಿನ ಮುತ್ತತ್ತಿಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಹಲಗೂರು ಕಡೆಯಿಂದ ಕಾಡಿನ ದಾರಿಯಲ್ಲಿ ಇಳಿದರೆ ಕಾವೇರಿಯ ದಡ, ಆಂಜನೇಯ ದೇವಸ್ಥಾನ, ಕೋತಿಗಳ ಹಿಂಡು. ರಜಾದಿನಗಳಲ್ಲಿ ಜನವೋ ಜನ. ಅವರು ಬಿಟ್ಟುಹೋದ ಅನ್ನ ಕಂಡರೆ ‘ಇಲ್ಲಿ ಬೆಕ್ಕಿಗೇನು ಬರ’ ಎನಿಸಬಹುದು. ಆದರೆ ಈ ಊರಿನ ಸುತ್ತ ಇರುವುದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮ. ಚಿರತೆಗೆ ಬೆಕ್ಕು ಒಂದು ತುತ್ತು. ಜನ ಬಾರದ ದಿನ ಎಂಜಲೂ ಇಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಪ್ರವಾಸಿ ತಾಣಗಳಿಗೆಲ್ಲ ಬೀಗ ಬಿದ್ದಾಗ, ಬೀದಿ ಪ್ರಾಣಿಗಳಿಗೆ ಆಹಾರ ಹಾಕುವವರನ್ನು ತಡೆಯಬೇಡಿ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯೇ ರಾಜ್ಯಗಳಿಗೆ ತಿಳಿಸಬೇಕಾಯಿತು.

ಬದುಕುಳಿದ ಬೆಕ್ಕಿನಿಂದ ಕಾಡಿಗೂ ತೊಂದರೆಯೇ. ಅದು ಹಕ್ಕಿ, ಓತಿಕ್ಯಾತಗಳನ್ನು ಬೇಟೆಯಾಡುತ್ತದೆ. ಊರಿನ ರೋಗಗಳನ್ನು ಕಾಡುಬೆಕ್ಕುಗಳಿಗೆ ಹರಡಬಲ್ಲದು. ಹೀಗೆ ಬಿಟ್ಟು ಬರುವುದು ಕಾನೂನಿನ ದೃಷ್ಟಿಯಲ್ಲೂ ತಪ್ಪು. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ.

ಹಗ್ಗವಿಲ್ಲದ ಬಂಧನ

ಬೆಕ್ಕನ್ನು ಕಟ್ಟಿಹಾಕಿ ಕೊಂದ ಹೆಂಗಸು ನರಕಕ್ಕೆ ಗುರಿಯಾದ ಹದೀಸನ್ನು ನಾವೆಲ್ಲ ಕೇಳಿದ್ದೇವೆ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಅದಿದೆ. ಆಕೆಯ ತಪ್ಪು ಎರಡು: ತಾನೂ ಉಣಿಸಲಿಲ್ಲ, ಅದು ತಾನಾಗಿ ಬೇಟೆಯಾಡಿ ತಿನ್ನಲೂ ಬಿಡಲಿಲ್ಲ. ‘ನಾವು ಕಟ್ಟಿಹಾಕುವುದಿಲ್ಲವಲ್ಲ, ಬಿಟ್ಟುಬಿಡುತ್ತೇವೆ’ ಎನ್ನುವವರಿದ್ದಾರೆ. ಆದರೆ ಮರಿಯ ಕಣ್ಣು ತೆರೆಯುವುದೇ ಹುಟ್ಟಿ ಏಳರಿಂದ ಹತ್ತು ದಿನಕ್ಕೆ. ಗಟ್ಟಿ ಆಹಾರಕ್ಕೆ ಬಾಯಿ ಹಾಕುವುದು ನಾಲ್ಕೈದು ವಾರಕ್ಕೆ. ಬೇಟೆ ಕಲಿಸುವವಳು ತಾಯಿ. ಅಂತಹ ಮರಿಯನ್ನು ತಾಯಿಯಿಂದ ಕಿತ್ತು ರಸ್ತೆಗೆ ಬಿಡುವುದು ಹಗ್ಗವಿಲ್ಲದೆ ಕಟ್ಟಿಹಾಕಿದಂತೆ ಅಲ್ಲವೇ? ಉಣಿಸಿದ್ದೂ ಇಲ್ಲ, ಹುಡುಕಿ ತಿನ್ನುವ ಶಕ್ತಿ ಬರಲು ಬಿಟ್ಟದ್ದೂ ಇಲ್ಲ.

ಹಝ್ರತ್ ಅಬೂಹುರೈರಾ(ರ)ರ ಹೆಸರಿಗೆ ಬೆಕ್ಕಿನ ಮರಿಯ ತಂದೆ ಎಂಬ ಅರ್ಥ ಎಂದರೆ ತರಗತಿಯ ಮಕ್ಕಳ ಮುಖ ಅರಳುತ್ತದೆ. ಹಝ್ರತ್ ಅಬೂ ಖತಾದ(ರ)ರು ವುಝೂವಿನ ನೀರಿನ ಪಾತ್ರೆಯನ್ನೇ ಬೆಕ್ಕಿಗೆ ಬಾಗಿಸಿ ಕುಡಿಸಿದರು. ಸೊಸೆ ಅಚ್ಚರಿಯಿಂದ ನೋಡಿದಾಗ, ಬೆಕ್ಕು ಅಶುದ್ಧವಲ್ಲ, ಅದು ನಿಮ್ಮ ನಡುವೆ ಓಡಾಡಿಕೊಂಡಿರುವ ಜೀವಿ ಎಂದು ಪ್ರವಾದಿ(ಸ) ಹೇಳಿರುವುದಾಗಿ ತಿಳಿಸಿದರು.

ಉಣಿಸಿದರಷ್ಟೇ ಸಾಲದು

ಕರುಣೆಯುಳ್ಳ ಸಹೋದರಿಯರು ಬೀದಿ ಬೆಕ್ಕಿಗೆ ದಿನವೂ ಅನ್ನ ಹಾಕುತ್ತಾರೆ. ಒಳ್ಳೆಯದೇ. ಆದರೆ ಲೆಕ್ಕ ಹಾಕಿ ನೋಡಿ. ಬೆಕ್ಕಿನ ಗರ್ಭಾವಧಿ ಸುಮಾರು ಒಂಬತ್ತು ವಾರ. ವರ್ಷಕ್ಕೆ ಎರಡು ಸಲ, ಸಲಕ್ಕೆ ನಾಲ್ಕರಂತೆ ಎಂದರೂ ಎಂಟು ಮರಿ. ಅವುಗಳಲ್ಲಿ ಹೆಣ್ಣು ಮರಿಗಳು ಐದಾರು ತಿಂಗಳಿಗೇ ಗರ್ಭ ಧರಿಸಬಲ್ಲವು. ಎಷ್ಟು ಮನೆಗಳಲ್ಲಿ ಜಾಗ ಹುಡುಕುತ್ತೀರಿ? ಗೋಣಿಚೀಲ ಹೊರಬರುವುದು ಇಲ್ಲಿಂದಲೇ. ಹೆಣ್ಣು ಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಈ ಸರಪಳಿ ಅಲ್ಲಿಗೇ ತುಂಡಾಗುತ್ತದೆ.

‘ಇದು ಧರ್ಮಸಮ್ಮತವೇ?’ ಎಂಬ ಪ್ರಶ್ನೆ ಸಹಜ. ಔರಂಗಝೇಬರ ಕಾಲದಲ್ಲಿ ಸಂಕಲಿಸಲಾದ ಹನಫೀ ಗ್ರಂಥ ಫತಾವಾ ಆಲಂಗೀರಿಯಲ್ಲಿ, ಪ್ರಯೋಜನವಿದ್ದರೆ ಅಥವಾ ಹಾನಿ ತಪ್ಪುವುದಾದರೆ ಬೆಕ್ಕನ್ನು ಖಸ್ಸಿ ಮಾಡಲು ಅಡ್ಡಿಯಿಲ್ಲ ಎಂಬ ಅಭಿಪ್ರಾಯವಿದೆ. ಶಾಫಿಈ ಗ್ರಂಥಗಳ ನಿಲುವು ಇದಕ್ಕಿಂತ ಬಿಗಿ. ಆದ್ದರಿಂದ ನಿಮ್ಮ ಆಲಿಮರಲ್ಲಿ ವಿಚಾರಿಸಿ. ಆದರೆ ಪ್ರಶ್ನೆಯನ್ನು ಪೂರ್ತಿಯಾಗಿ ಕೇಳಿ. ‘ಆಪರೇಶನ್ ಮಾಡಿಸಬಹುದೇ?’ ಎಂದಷ್ಟೇ ಅಲ್ಲ. ‘ಮಾಡಿಸದಿದ್ದರೆ ವರ್ಷಕ್ಕೆ ಎಂಟು ಮರಿಗಳು ಬೀದಿಪಾಲಾಗುತ್ತವೆ, ಏನು ಮಾಡಲಿ?’ ಎಂದು ಕೇಳಿ.

ಮಾಡಿ ತೋರಿಸಿದವರು

ಬೆಂಗಳೂರಿನಲ್ಲಿ 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆ ಪ್ರಾಣಿಗಳಿಗಾಗಿ ಆರಂಭಿಸಿದ ‘ಕ್ಯೂಪಾ’ ಸಂಸ್ಥೆ ಇಂದಿಗೂ ಸ್ವಯಂಸೇವಕರ ನೆರವಿನಿಂದ ನಡೆಯುತ್ತಿದೆ. ಸಿರಿಯಾದ ಅಲೆಪ್ಪೊದಲ್ಲಿ ಯುದ್ಧಕ್ಕೆ ಹೆದರಿ ಜನ ಊರು ಬಿಟ್ಟಾಗ ಬೆಕ್ಕುಗಳು ಅನಾಥವಾದವು. ಆಂಬುಲೆನ್ಸ್ ಓಡಿಸುತ್ತಿದ್ದ ಮುಹಮ್ಮದ್ ಅಲಾ ಅಲ್ ಜಲೀಲ್ ಗಾಯಾಳುಗಳನ್ನು ಸಾಗಿಸುತ್ತಲೇ ಆ ಬೆಕ್ಕುಗಳಿಗೂ ಉಣಿಸಿದರು. ಅವರ ಬೆಕ್ಕಿನ ಮನೆ 2016ರಲ್ಲಿ ಬಾಂಬಿಗೆ ತುತ್ತಾಯಿತು. 2017ರಲ್ಲಿ ಅಲೆಪ್ಪೊದ ಪಶ್ಚಿಮಕ್ಕಿರುವ ಹಳ್ಳಿಯೊಂದರಲ್ಲಿ ಮತ್ತೆ ಕಟ್ಟಿದರು. ಊರವರ ಪ್ರಾಣಿಗಳಿಗೂ ಅಲ್ಲಿ ಉಚಿತ ಚಿಕಿತ್ಸೆ ಕೊಡಿಸಿದರು. ಬಾಂಬಿನ ನಡುವೆ ಸಾಧ್ಯವಾದದ್ದು ನಮ್ಮ ನೆಮ್ಮದಿಯ ಹಳ್ಳಿಗಳಲ್ಲಿ ಅಸಾಧ್ಯವೇ?

ನಾವೇನು ಮಾಡಬಹುದು?

* ಓಣಿಯ ನಾಲ್ಕೈದು ಮನೆಯವರು ಒಂದಾಗಿ. ಬೆಕ್ಕುಗಳೆಷ್ಟು, ಹೆಣ್ಣೆಷ್ಟು ಎಂದು ಎಣಿಸಿ. ಪಶು ವೈದ್ಯರನ್ನು ಒಬ್ಬರು ಕಾಣಲಿ, ಬುಟ್ಟಿ ಮತ್ತು ವಾಹನದ ಹೊಣೆ ಇನ್ನೊಬ್ಬರದಾಗಲಿ. ಖರ್ಚು ಹಂಚಿಕೊಂಡರೆ ಯಾರಿಗೂ ಭಾರವಲ್ಲ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೂ ಕರೆ ಮಾಡಿ ವಿಚಾರಿಸಬಹುದು.

* ಬೀದಿ ಬೆಕ್ಕಾದರೆ ಅರಿವಳಿಕೆಯಲ್ಲಿರುವಾಗಲೇ ಕಿವಿಯ ತುದಿಯನ್ನು ತುಸು ಕತ್ತರಿಸಿ ಗುರುತು ಮಾಡುವ ಪದ್ಧತಿಯಿದೆ. ಅದೇ ಬೆಕ್ಕನ್ನು ಮತ್ತೆ ಹಿಡಿಯುವುದು ತಪ್ಪುತ್ತದೆ. ರೇಬೀಸ್ ಲಸಿಕೆಯನ್ನೂ ಹಾಕಿಸಿ.

* ಮರಿಗಳನ್ನು ಎರಡು ತಿಂಗಳು ತುಂಬುವವರೆಗೆ ತಾಯಿಯಿಂದ ಬೇರ್ಪಡಿಸಬೇಡಿ. ಆಮೇಲೆ ನಂಬಿಕೆಯ ಮನೆಗೆ ಕೊಡಿ.

* ಬಿರಿಯಾನಿಯ ಎಂಜಲು ಹಾಕಬೇಡಿ. ಈರುಳ್ಳಿ ಬೆಕ್ಕಿಗೆ ವಿಷ, ಬೆಂದ ಮೂಳೆ ಗಂಟಲಿಗೆ ಅಪಾಯ. ಹಸುವಿನ ಹಾಲಿನಿಂದ ಮರಿಗಳಿಗೆ ಭೇದಿಯಾಗುತ್ತದೆ. ಉಪ್ಪು ಖಾರವಿಲ್ಲದೆ ಬೇಯಿಸಿದ ಮೀನು ಅಥವಾ ಕೋಳಿಯನ್ನು ಅನ್ನದೊಂದಿಗೆ ಕಲಸಿ ಕೊಡಿ.

* ಬೆಕ್ಕು ಕಚ್ಚಿದರೆ, ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ. ಬೆಕ್ಕಿನ ಮಲದಿಂದ ಗರ್ಭದ ಶಿಶುವಿಗೆ ಸೋಂಕು ತಗಲಬಹುದು. ಆದ್ದರಿಂದ ಗರ್ಭಿಣಿಯರು ಅದನ್ನು ತೆಗೆಯುವ ಕೆಲಸವನ್ನು ಬೇರೆಯವರಿಗೆ ಬಿಡಲಿ.

ಬಾಯಾರಿದ ನಾಯಿಗೆ ಬಾವಿಯಿಂದ ನೀರು ಮೊಗೆದು ಕುಡಿಸಿದವರಿಗೆ ಅಲ್ಲಾಹನ ಕ್ಷಮೆ ದೊರೆತುದನ್ನೂ ಅದೇ ಹದೀಸ್ ಗ್ರಂಥಗಳಲ್ಲಿ ಓದುತ್ತೇವೆ. ಎರಡೂ ಕಥೆಗಳಲ್ಲಿ ಪ್ರಾಣಿ ಮೂಕವೇ, ದೊಡ್ಡ ಖರ್ಚೇನೂ ಇಲ್ಲ. ವ್ಯತ್ಯಾಸವಿರುವುದು ಮನುಷ್ಯನ ಕೈಯಲ್ಲಿ. ಈ ಸಲ ನಿಮ್ಮ ಮನೆಯಲ್ಲಿ ಬೆಕ್ಕು ಮರಿ ಹಾಕಿದಾಗ ಗೋಣಿಚೀಲ ಹುಡುಕುವ ಮೊದಲು ಪಕ್ಕದ ಮನೆಯ ಸಹೋದರಿಯನ್ನು ಕರೆಯಿರಿ. ಇಬ್ಬರು ಕುಳಿತು ಮಾತಾಡಿದರೆ ಕೆಲಸ ಅರ್ಧ ಮುಗಿದಂತೆ.