ಕಾಡಿನ ಅಂಚು ಮತ್ತು ಬಾವಲಿಗಳ ಬಾಳು

ಮಳೆಕಾಡಿನಲ್ಲಿ ರಸ್ತೆಯನ್ನೋ ತೋಟವನ್ನೋ ಮಾಡಿದಾಗ, ಕಡಿದಷ್ಟು ಹೋಯಿತು, ಮಿಕ್ಕದ್ದು ಉಳಿಯಿತು ಎಂದು ನಾವು ಸಾಮಾನ್ಯವಾಗಿ ಲೆಕ್ಕ ಹಾಕುತ್ತೇವೆ. ಈ ಲೆಕ್ಕ ಪೂರ್ತಿ ಸರಿಯಲ್ಲ. ಕಡಿದಲ್ಲಿ ಕಾಡಿಗೆ ಹೊಸದೊಂದು ಅಂಚು ಹುಟ್ಟುತ್ತದೆ. ಅಲ್ಲಿಂದ ಬಿಸಿಲೂ ಒಣಗಾಳಿಯೂ ಒಳಹೊಗುತ್ತವೆ. ದೊಡ್ಡ ಮರಗಳು ಉರುಳುತ್ತವೆ. ಬೇಗ ಬೆಳೆಯುವ ಗಿಡಗಳು ಹಬ್ಬುತ್ತವೆ. ಹೀಗಾಗಿ ಉಳಿದ ಕಾಡೂ ಮೊದಲಿನ ಕಾಡಾಗಿರುವುದಿಲ್ಲ. ಇದಕ್ಕೆ ಬಾವಲಿಗಿಂತ ಒಳ್ಳೆಯ ಸಾಕ್ಷಿ ದೊರೆಯುವುದು ಕಷ್ಟವೆಂದು ನನ್ನ ಅಭಿಪ್ರಾಯ.

ಹುಳ ತಿನ್ನುವ ಬಾವಲಿಗಳು ನಮ್ಮ ಕಿವಿಗೆ ಕೇಳದಷ್ಟು ಎತ್ತರದ ಸ್ವರವನ್ನು ಹೊರಡಿಸಿ, ಅದರ ಪ್ರತಿಧ್ವನಿಯಿಂದ ಬೇಟೆಯನ್ನು ಗುರುತಿಸುತ್ತವೆ. ದಟ್ಟ ಕಾಡಿನಲ್ಲಿ ಎಲೆ, ರೆಂಬೆಗಳೂ ಪ್ರತಿಧ್ವನಿ ಕೊಡುವುದರಿಂದ ಹುಳವನ್ನು ಬೇರ್ಪಡಿಸುವುದು ಸುಲಭವಲ್ಲ. ಕುದುರೆಲಾಳದಾಕಾರದ ಮೂಗುಳ್ಳ ಬಾವಲಿಗಳು ಇದಕ್ಕಾಗಿ ಒಂದೇ ಸ್ಥಾಯಿಯ ಸ್ವರವನ್ನು ಹಿಡಿಯುತ್ತವೆ. ಹುಳದ ರೆಕ್ಕೆಬಡಿತಕ್ಕೆ ಸಿಕ್ಕ ಸ್ವರ ನಡುಗಿ ಮರಳುತ್ತದೆ. ಆದರೆ ಈ ಸ್ವರ ಹೆಚ್ಚು ದೂರ ಮುಟ್ಟದು. ಅವುಗಳ ರೆಕ್ಕೆ ಗಿಡ್ಡ ಮತ್ತು ಅಗಲ. ಮೆಲ್ಲಗೆ ಹಾರಿ ಥಟ್ಟನೆ ತಿರುಗಲು ತಕ್ಕುದು. ಬಯಲಿನ ಮೇಲೆ ಹಾರುವ ಬಾವಲಿಗಳದು ಇದಕ್ಕೆ ವಿರುದ್ಧ: ರೆಕ್ಕೆ ಉದ್ದ, ಕಿರಿದು, ಸ್ವರ ತಗ್ಗು, ದೂರ ಹೋಗುವಂಥದು, ವೇಗ ಹೆಚ್ಚು. ಇವೆರಡರ ನಡುವೆ, ಮರಗಳ ಬದಿಗುಂಟ ಹಾರುವ ಮೂರನೆಯ ವರ್ಗವೊಂದುಂಟು.

ಈಗ ಅಂಚು ಏನು ಮಾಡುತ್ತದೆಂಬುದು ಸ್ಪಷ್ಟ. ಬಯಲಿನವೂ ಬದಿಯವೂ ಅಲ್ಲಿಗೆ ಬರುತ್ತವೆ. ಒಳಗಾಡಿನವು ಹಿಂದೆ ಸರಿಯುತ್ತವೆ. ಬಾವಲಿಗಳ ಒಟ್ಟು ಸಂಖ್ಯೆ ಕುಗ್ಗದೆಯೂ ಇರಬಹುದು. ಆದ್ದರಿಂದ ಎಷ್ಟಿವೆ ಎಂದು ಕೇಳಿದರೆ ಸಾಲದು, ಯಾವುವು ಇವೆ ಎಂದು ಕೇಳಬೇಕು.

ಬ್ರೆಜಿಲ್ ದೇಶದ ಮನಾಸ್ ನಗರದ ಹತ್ತಿರ 1979ರಿಂದ ವಿಜ್ಞಾನಿಗಳು ಅಮೆಜಾನ್ ಕಾಡಿನ 1, 10, 100 ಹೆಕ್ಟೇರ್ ತುಂಡುಗಳನ್ನು ಪರೀಕ್ಷಿಸುತ್ತ ಬಂದಿದ್ದಾರೆ. ಅಲ್ಲಿ ಅಂಚಿನಲ್ಲಿಯೂ ಮರಳಿ ಬೆಳೆದ ಗಿಡಗಳಲ್ಲಿಯೂ ಹಣ್ಣು ತಿನ್ನುವ ಕೆಲವು ಬಾವಲಿಗಳು ಹೆಚ್ಚಿದವು. ಎಲೆಯ ಮೇಲಿನ ಹುಳವನ್ನು ಹೆಕ್ಕಿ ತಿನ್ನುವವು ಕಡಿಮೆಯಾದವು. ಸುತ್ತಲೂ ಗಿಡಗಳು ಸುಮಾರು 30 ವರ್ಷ ಬೆಳೆದ ಮೇಲೂ ಹಳೆಯ ಕಾಡಿನ ಬಾವಲಿಗಳು ಪೂರ್ತಿಯಾಗಿ ಮರಳಿರಲಿಲ್ಲ. ನಮ್ಮ ಪಶ್ಚಿಮಘಟ್ಟದಲ್ಲಿ, ತಮಿಳುನಾಡಿನ ವಾಲ್ಪಾರೈ ಪ್ರಸ್ಥಭೂಮಿಯಲ್ಲಿ ನಡೆದ ಅಧ್ಯಯನ ಸ್ವಲ್ಪ ಆಶೆ ಕೊಡುತ್ತದೆ. ಬರಿಯ ಚಹಾತೋಟ ಬಾವಲಿಗಳಿಗೆ ಅಷ್ಟಾಗಿ ಒಗ್ಗುವುದಿಲ್ಲ. ಕಾಡುಮರಗಳ ನೆರಳಿನ ಕಾಫಿತೋಟವೂ ಹೊಳೆದಂಡೆಯಲ್ಲಿ ಉಳಿಸಿದ ಮರಗಳೂ ಹಲವು ಬಗೆಯ ಬಾವಲಿಗಳಿಗೆ ಆಸರೆಯಾಗಿವೆ. ಕೊಡಗು, ಚಿಕ್ಕಮಗಳೂರುಗಳ ತೋಟಗಾರರೂ ಗಮನಿಸತಕ್ಕ ಮಾತಿದು.

ಸಿಂಧನೂರು, ಲಿಂಗಸುಗೂರು, ಮಸ್ಕಿಯ ನಮಗೆ ಇದರಿಂದೇನು ಎಂದು ಕೇಳಬಹುದು. ನಮ್ಮದು ಮಳೆಕಾಡಿನ ನಾಡಲ್ಲ, ನಿಜ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆ, ಎರೆಹೊಲ, ಬಂಡೆಗುಡ್ಡ, ಇಷ್ಟೇ. ಬಯಲಿನ ಮತ್ತು ಬದಿಯ ಬಾವಲಿಗಳಿಗೆ ಮಾತ್ರ ಇಲ್ಲಿ ಎಡೆಯುಂಟು. ಅವುಗಳನ್ನು ಹೀನಾಯವಾಗಿ ಕಾಣಬೇಕಾಗಿಲ್ಲ. ಥಾಯ್ಲೆಂಡಿನಲ್ಲಿ ಭತ್ತವನ್ನು ಕೆಡಿಸುವ ಬಿಳಿಬೆನ್ನಿನ ಜಿಗಿಹುಳುಗಳನ್ನು ಬಾವಲಿಗಳು ತಿನ್ನುತ್ತವೆಂದು ಕಂಡುಬಂದಿದೆ. ಜಿಗಿಹುಳದ ಕಾಟ ನಮ್ಮ ಗದ್ದೆಯವರಿಗೂ ಗೊತ್ತಿದ್ದದ್ದೇ. ಔಷಧಿಯ ಖರ್ಚೂ ಗೊತ್ತಿದೆ. ಹಳ್ಳದ ಬದಿಯ ಹುಣಸೆ, ಬದುವಿನ ಬೇವು, ಗುಡ್ಡದ ಬಂಡೆಯ ಸಂದು, ಹಳೆಯ ಕೋಟೆಯ ಬಿರುಕು ಇವೇ ಇಂಥ ಜೀವಿಗಳ ಹಾದಿ ಮತ್ತು ಹಗಲಿನ ಮನೆ. ಬದುವಿನ ಮರ ಕಡಿಯುವಾಗ ನಾಲ್ಕು ಕೊಳಗ ಭತ್ತ ಹೆಚ್ಚು ಬಂದೀತೆಂದು ಎಣಿಸುವವರು ಈ ಲೆಕ್ಕವನ್ನೂ ಸೇರಿಸಿಕೊಳ್ಳಲಿ.

ಬಯಲಿನ ಬಾವಲಿ ಕಾಡಿನ ಅಂಚಿಗೆ ಹೋಗಿ ಬಾಳೀತು. ಒಳಗಾಡಿನ ಬಾವಲಿ ನಮ್ಮ ಬಯಲಿಗೆ ಬಂದು ಬಾಳಲಾರದು. ಅದಕ್ಕೆ ಬೇರೆ ಊರಿಲ್ಲ. ಘಟ್ಟದ ಕಾಡನ್ನು ತುಂಡುತುಂಡಾಗಿ ಅಲ್ಲ, ಅಖಂಡವಾಗಿ ಉಳಿಸಬೇಕೆನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕೆ?